ಬೆಳಗಿನ ಮೊದಲ ಅಳತೆ

ಬೆಳಗ್ಗೆ ಐದೂವರೆ ಗಂಟೆ. ಪೆಟ್ರೋಲ್ ಬಂಕಿನ ಚಾವಣಿಯ ದೀಪಗಳು ಇನ್ನೂ ಆರಿಲ್ಲ. ಬೀದಿಯಲ್ಲಿ ಹಾಲಿನ ವ್ಯಾನೊಂದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ನೀಲಿ ಸಮವಸ್ತ್ರದ ಮೇಲೆ ಗಂಡನ ಹಳೆಯ ಸ್ವೆಟರ್ ಏರಿಸಿಕೊಂಡ ಹೆಂಗಸೊಬ್ಬರು ಐದು ಲೀಟರಿನ ಅಳತೆ ಕ್ಯಾನನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು, ಪಂಪಿನ ನಳಿಕೆಯನ್ನು ಅದರ ಬಾಯಿಗೆ ಕೊಡುತ್ತಾರೆ. ಪಂಪಿನ ಅಂಕಿ ಐದಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಮಂಡಿಯೂರಿ, ಕ್ಯಾನಿನ ಕತ್ತಿನಲ್ಲಿರುವ ಗಾಜಿನ ಸೀಳಿಗೆ ಒಂದು ಕಣ್ಣು ಹಚ್ಚಿ ನೋಡುತ್ತಾರೆ. ಪೆಟ್ರೋಲ್ ಗೆರೆಯನ್ನು ಮುಟ್ಟಿದೆ, ಕೂದಲೆಳೆಯಷ್ಟೂ ಮೇಲಿಲ್ಲ, ಕೆಳಗಿಲ್ಲ. ಎದ್ದು, ಕ್ಯಾನನ್ನು ಎತ್ತಿಕೊಂಡು ಹೋಗಿ, ನೆಲದಡಿಯ ಟ್ಯಾಂಕಿನ ಮುಚ್ಚಳ ತೆರೆದು ಅಷ್ಟನ್ನೂ ವಾಪಸ್ ಸುರಿಯುತ್ತಾರೆ.

ಬೈಕಿನ ಮೇಲೆ ಕೈಕಟ್ಟಿ ಕೂತು ಕಾಯುತ್ತಿರುವ ಗಿರಾಕಿಗೆ ಇದನ್ನು ನೋಡಿ ಹೊಟ್ಟೆ ಉರಿಯುತ್ತದೆ. "ಅಕ್ಕಾ, ಅಲ್ಲಿ ಸುರಿಯೋ ಬದಲು ನನ್ನ ಗಾಡಿಗೇ ಸುರೀಬಾರ್ದಾ?" ಎನ್ನುತ್ತಾನೆ.

"ಇದು ನಿಮ್ದಲ್ಲಪ್ಪ, ಕ್ಯಾನಿಂದು. ನಿಮ್ದು ಇನ್ನೂ ಬರಬೇಕು," ಎಂದು ಅವರು ಎರಡನೆಯ ನಳಿಕೆಯತ್ತ ನಡೆಯುತ್ತಾರೆ. ಒಟ್ಟು ನಾಲ್ಕು ನಳಿಕೆ. ನಾಲ್ಕೂ ಕ್ಯಾನಿನ ಪರೀಕ್ಷೆ ಮುಗಿಸುವ ತನಕ ಯಾರ ಗಾಡಿಗೂ ಒಂದು ತೊಟ್ಟು ಬೀಳುವುದಿಲ್ಲ. ಗಿರಾಕಿ ಗೊಣಗುತ್ತಾನೆ, ಕಾಯುತ್ತಾನೆ, ಮರುದಿನ ಮತ್ತೆ ಇದೇ ಬಂಕಿಗೇ ಬರುತ್ತಾನೆ.

ಬಂಕಿನವರೆಲ್ಲ ಅವರನ್ನು ಕರೆಯುವುದು ಕ್ಯಾನಕ್ಕ ಎಂದು. ವಯಸ್ಸು ನಲವತ್ತೇಳು. ಈ ಬಂಕಿಗೆ ಸೇರಿ ಇಪ್ಪತ್ತೆರಡು ವರ್ಷ. ಬೆಳಗ್ಗೆ ಐದೂವರೆಯಿಂದ ಮಧ್ಯಾಹ್ನ ಎರಡರವರೆಗೆ ದಿನಕ್ಕೆ ಸುಮಾರು ಮುನ್ನೂರೈವತ್ತು ಗಾಡಿಗಳು ಅವರ ಕೈಯಿಂದ ಹೊಟ್ಟೆ ತುಂಬಿಸಿಕೊಂಡು ಹೋಗುತ್ತವೆ. ದಿನಾ ಬೆಳಗ್ಗೆ ಅಳತೆ ನೋಡಬೇಕೆಂಬುದು ನಿಯಮವೇ ಆದರೂ ಅನೇಕ ಕಡೆ ಅದು ಪುಸ್ತಕದಲ್ಲಿ ಪೆನ್ನಿನಿಂದ ನಡೆಯುವ ಪರೀಕ್ಷೆ. ಇಲ್ಲಿ ಅದು ಮಂಡಿಯೂರಿ ನಡೆಯುತ್ತದೆ. ಅವರ ಎಡ ಮಂಡಿಯ ಬಳಿ ಪ್ಯಾಂಟಿನ ಬಟ್ಟೆ ಬಣ್ಣ ಕಳೆದುಕೊಂಡು ಬೆಳ್ಳಗಾಗಿದೆ. ವರ್ಷಕ್ಕೆರಡು ಸಮವಸ್ತ್ರ ಕೊಟ್ಟರೂ ಎರಡಕ್ಕೂ ಅದೇ ಗತಿ.

ಇಷ್ಟು ನಿಷ್ಠೆ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಅವರ ಮನೆಯ ಹಿತ್ತಲಿಗೆ ಹೋಗಬೇಕು. ಬಂಕಿನಿಂದ ಹತ್ತು ನಿಮಿಷದ ನಡಿಗೆ. ಮುಂದಿನ ಕೋಣೆಯಲ್ಲಿ ಗಂಡನ ಅಂಗಡಿ. ಅವರು ಚರ್ಮದ ಬ್ಯಾಗು, ಬೆಲ್ಟು, ಗಾಡಿಗಳ ಸೀಟು ರಿಪೇರಿ ಮಾಡುತ್ತಾರೆ. ನಡುಮನೆಯಲ್ಲಿ ಕಿಟಕಿಯ ಪಕ್ಕ ಒಂದು ಕುರ್ಚಿ, ಕುರ್ಚಿಯಲ್ಲಿ ಎಪ್ಪತ್ತೊಂಬತ್ತರ ಅಪ್ಪ. ಹಿತ್ತಲಿನಲ್ಲಿ ತಗಡಿನ ಮಾಡು. ಅದರ ಕೆಳಗೆ ಎರಡು ವರ್ಷ ನಾಲ್ಕು ತಿಂಗಳು, ದಿನಕ್ಕೊಂದೆರಡು ಗಂಟೆಯಂತೆ ಕ್ಯಾನಕ್ಕ ಜೀವ ತೇಯ್ದದ್ದು ಒಂದು ಹಳೆಯ ಪೆಟ್ರೋಲ್ ಪಂಪಿಗಾಗಿ.

ಈಗಿನ ಪಂಪುಗಳನ್ನು ನೋಡಿದವರಿಗೆ ಅದು ಪಂಪು ಎಂದೇ ಅನ್ನಿಸಲಿಕ್ಕಿಲ್ಲ. ಆಳೆತ್ತರಕ್ಕಿಂತ ಒಂದು ಗೇಣು ಎತ್ತರದ ಕಬ್ಬಿಣದ ಕಂಬ, ಎದೆಯ ಮಟ್ಟದಲ್ಲಿ ಗೋಡೆ ಗಡಿಯಾರದಂಥ ದುಂಡನೆಯ ಮುಖ, ಅದಕ್ಕೆ ಒಂದೇ ಮುಳ್ಳು. ಪಕ್ಕದಲ್ಲಿ ಕೈಹಿಡಿ. ಕರೆಂಟಿನ ಹಂಗಿಲ್ಲ. ಕೈಹಿಡಿಯನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಒಳಗಿನ ಕೊಳವೆಯಲ್ಲಿ ಒಂದು ಕೊಂತ, ಅಂದರೆ ಪಿಸ್ಟನ್, ಮೇಲೇರಿ ಐದು ಲೀಟರ್ ಪೆಟ್ರೋಲನ್ನು ಹೊರಕ್ಕೆ ತಳ್ಳುತ್ತದೆ, ಮುಳ್ಳು ಸೊನ್ನೆಯಿಂದ ಐದಕ್ಕೆ ಓಡುತ್ತದೆ. ಕೊಂತದ ತಲೆಗೆ ಚರ್ಮದ ಬಿಲ್ಲೆಯೊಂದು ಬಿಗಿಯಾಗಿ ಕೂತಿರುತ್ತದೆ. ಪೆಟ್ರೋಲ್ ಕೆಳಕ್ಕೆ ನುಸುಳದಂತೆ ತಡೆಯುವುದು ಅದರ ಕೆಲಸ. ನಲವತ್ತೈದು ವರ್ಷದ ಹಿಂದೆ ಈ ಬಂಕಿನಲ್ಲಿದ್ದದ್ದು ಇದೊಂದೇ ಪಂಪು, ಅದನ್ನು ತಿರುಗಿಸುತ್ತಿದ್ದದ್ದು ಕ್ಯಾನಕ್ಕನ ಅಪ್ಪ.

ಅಪ್ಪನಿಗೂ ಬೀದಿಯವರು ಒಂದು ಹೆಸರು ಇಟ್ಟಿದ್ದರು. ಅದನ್ನು ಹೇಳುವಾಗ ಕ್ಯಾನಕ್ಕ ಸ್ಪ್ಯಾನರನ್ನು ಕೆಳಗಿಡುತ್ತಾರೆ. "ಮುಕ್ಕಾಲು ಅಂತಿದ್ರು. ನಾನು ಶಾಲೆಗೆ ಹೋಗುವಾಗ 'ಮುಕ್ಕಾಲಿನ ಮಗಳು' ಅಂತಿದ್ರು. ಮೊದಮೊದಲು ಅದು ನಮ್ಮ ಮನೆತನದ ಹೆಸರು ಅಂತಾನೇ ಅಂದ್ಕೊಂಡಿದ್ದೆ."

ನಡೆದದ್ದು ಇಷ್ಟು. ನಲವತ್ತೊಂದು ವರ್ಷದ ಹಿಂದೆ ಒಂದು ಬೆಳಗ್ಗೆ ಟ್ಯಾಕ್ಸಿಯವನೊಬ್ಬ ಮನೆಯಿಂದ ಅಳತೆಯ ಗುರುತಿದ್ದ ಡಬ್ಬಿ ತಂದು ಐದು ಲೀಟರ್ ಹಾಕಿಸಿಕೊಂಡ. ಪಂಪಿನ ಮುಳ್ಳು ಐದು ತೋರಿಸಿತು, ಡಬ್ಬಿ ನಾಲ್ಕೂಕಾಲು ತೋರಿಸಿತು. ಅವನು ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಆಗಿನ ಮಾಲೀಕರು, ಈಗಿನವರ ತಂದೆ, ಮಧ್ಯಾಹ್ನ ಬಂದು ತಾವೇ ನಿಂತು ಪಂಪಿನ ಅಳತೆ ನೋಡಿದರು. ಸರಿಯಾಗಿತ್ತು. ಮೂರು ಸಲ ನೋಡಿದರೂ ಸರಿಯಾಗಿತ್ತು. ಪಂಪು ಸರಿಯಿದೆ ಎಂದಮೇಲೆ ಕೆಟ್ಟದ್ದು ಕೈಯೇ ಇರಬೇಕಲ್ಲ! ಏನು ಹೇಳುತ್ತೀಯ ಎಂದು ಕೇಳಿದರೆ ಅಪ್ಪ ತಲೆ ತಗ್ಗಿಸಿ "ತಪ್ಪು ನನ್ನದೇ" ಎಂದುಬಿಟ್ಟರು. ಅದಕ್ಕಿಂತ ಹೆಚ್ಚಿಗೆ ಒಂದು ಮಾತು ಆಡಲಿಲ್ಲ. ಮಾಲೀಕರು ದೊಡ್ಡ ಮನಸ್ಸು ಮಾಡಿ ಕೆಲಸದಿಂದ ತೆಗೆಯಲಿಲ್ಲ, ಪಂಪಿನಿಂದ ತೆಗೆದು ಗಾಡಿ ತೊಳೆಯಲು ಹಾಕಿದರು. ಇಪ್ಪತ್ತೆರಡು ವರ್ಷ, ನಿವೃತ್ತಿಯಾಗುವ ತನಕ, ಅಪ್ಪ ನೀರಿನ ಪೈಪು ಹಿಡಿದೇ ನಿಂತರು.

ಮಗಳು ಅದೇ ಬಂಕಿಗೆ ಕೆಲಸಕ್ಕೆ ಸೇರಿದ ಮೊದಲ ವಾರ ಮುದುಕರೊಬ್ಬರು ಸ್ಕೂಟರಿನ ಮುಚ್ಚಳ ತೆರೆಯುತ್ತ, "ಮುಕ್ಕಾಲಿನ ಮಗಳಾ? ಸರಿಯಾಗಿ ಹಾಕಮ್ಮ," ಎಂದರಂತೆ. "ಅವತ್ತೇ ಕ್ಯಾನು ಹಿಡಿದೆ," ಎನ್ನುತ್ತಾರೆ ಕ್ಯಾನಕ್ಕ. "ಅಪ್ಪ ಕದ್ದಿಲ್ಲ ಅಂತ ನನಗೆ ಗೊತ್ತು. ಹೇಗೆ ಗೊತ್ತು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇರಲಿಲ್ಲ. ಆ ಉತ್ತರ ಬೇಕಿತ್ತು."

ಮೂರು ವರ್ಷದ ಹಿಂದೆ ಬಂಕಿನ ಹಿಂಗೋಡೆ ಒಡೆದಾಗ ಗೋಡೆಯಾಚೆ ಮುಳ್ಳುಗಿಡಗಳ ನಡುವೆ ಹಳೆಯ ಪಂಪು ಅಡ್ಡಬಿದ್ದಿದ್ದು ಕಂಡಿತು. ಗುಜರಿಗೆ ಹಾಕೋಣ ಎಂದ ಮಾಲೀಕರನ್ನು ಕ್ಯಾನಕ್ಕ ತಡೆದು, ತನಗೆ ಕೊಡಿ ಎಂದು ಕೇಳಿದರು. "ಜನ ಹಳೇ ನಾಣ್ಯ ಇಟ್ಕೋತಾರೆ, ಸ್ಟ್ಯಾಂಪ್ ಇಟ್ಕೋತಾರೆ. ಇವರಿಗೆ ಎಂಟಾಳು ಹೊರೋ ಕಬ್ಬಿಣ ಬೇಕಂತೆ. ತಗೊಂಡು ಹೋಗಿ ಅಂದೆ," ಎಂದು ಮಾಲೀಕರು ಈಗಲೂ ನಗುತ್ತಾರೆ. ಹವ್ಯಾಸ ಎಂದೇ ಅವರೂ ತಿಳಿದರು, ಬೀದಿಯೂ ತಿಳಿಯಿತು, ಗಂಡನೂ ತಿಳಿದರು. ಹವ್ಯಾಸವೂ ಹೌದು ಅನ್ನಿ. ತುಕ್ಕು ಕೆರೆಯುತ್ತ ಕೂತಾಗ ಅವರ ಮುಖ ನೋಡಿದರೆ ಅದು ಬರೀ ಹಠದ ಮುಖವಲ್ಲ ಎಂದು ಯಾರಿಗೂ ತಿಳಿಯುತ್ತದೆ.

ಮೊದಲ ಮೂರು ತಿಂಗಳು ಹೋದದ್ದು ಬೋಲ್ಟುಗಳಿಗೇ. ಅರವತ್ತನಾಲ್ಕು ಬೋಲ್ಟು. ಒಂದೊಂದಕ್ಕೂ ವಾರಗಟ್ಟಲೆ ಎಣ್ಣೆ ಕುಡಿಸಿ, ಪುಸಲಾಯಿಸಿ ಬಿಚ್ಚಿ, ಎಲ್ಲಿಯದು ಎಂದು ಚೀಟಿ ಬರೆದು ಬೆಂಕಿಪೊಟ್ಟಣದಲ್ಲಿ ಇಟ್ಟರು. ಹಸಿರು ಬಣ್ಣ ಕೆರೆದರೆ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು. ಕೆಂಪೇ ಮೂಲ ಬಣ್ಣವೆಂದು ಅವರು ಡಬ್ಬಿ ತಂದು ಬ್ರಷ್ ಅದ್ದುವಷ್ಟರಲ್ಲಿ, ಹಿತ್ತಲ ಬಾಗಿಲಲ್ಲಿ ನಿಂತ ಅಪ್ಪ "ಕೆನೆ ಬಣ್ಣ" ಎಂದರು. ಅಷ್ಟೇ ಹೇಳಿ ಒಳಗೆ ಹೋದರು. ಕೆಂಪಿನ ಕೆಳಗೆ ಉಗುರಿನಿಂದ ಕೆರೆದು ನೋಡಿದರೆ ಕೆನೆ ಬಣ್ಣವೇ. ಅಲ್ಲಿಯವರೆಗೆ ಅಪ್ಪ ಆ ಪಂಪಿನ ಬಗ್ಗೆ ಬಾಯಿ ಬಿಟ್ಟವರಲ್ಲ. ಕಣ್ಣಿಗೆ ಪೊರೆ ಬಂದು, ನರವೂ ಸೊರಗಿ, ಆಪರೇಷನ್ ಮಾಡಿದರೂ ಹೆಚ್ಚು ಉಪಯೋಗವಾಗದು ಎಂದು ಡಾಕ್ಟರು ಹೇಳಿದ ಕಾಲ ಅದು. ಎದುರಿಗಿನ ಕಂಬ ಕಾಣುತ್ತದೆ, ಅದರ ಮುಖದ ಅಂಕಿ ಕಾಣುವುದಿಲ್ಲ. ಅಪ್ಪನಿಗೆ ಅಷ್ಟಾದರೂ ಕಾಣುವಾಗಲೇ ಕೆಲಸ ಮುಗಿಸಬೇಕೆಂದು ಮಗಳು ದಿನದ ಒಂದು ಗಂಟೆಯನ್ನು ಎರಡು ಮಾಡಿಕೊಂಡರು.

ಆ ಅವಸರದಲ್ಲೇ ಎಡವಟ್ಟಾಯಿತು. ಕೊಂತ ಹೊರತೆಗೆದ ದಿನ ಅದರ ತಲೆಯ ಚರ್ಮದ ಬಿಲ್ಲೆ ಒಣಗಿ ಸುರುಟಿಕೊಂಡಿತ್ತು. ಕೆಲಸದ ಮೇಲೆ ಪ್ರೀತಿ ಇರುವವರು ಮಾಡುವುದನ್ನೇ ಕ್ಯಾನಕ್ಕನೂ ಮಾಡಿದರು. ಹಳೆಯದನ್ನು ಕಿತ್ತು ಬಿಸಾಡಿ, ಕೊಳವೆಯನ್ನು ಕನ್ನಡಿಯಂತೆ ಉಜ್ಜಿ, ಗಂಡನ ಅಂಗಡಿಯಿಂದ ಅತ್ಯುತ್ತಮ ಚರ್ಮ ಕತ್ತರಿಸಿ ತಂದು ಹೊಸ ಬಿಲ್ಲೆ ಕೂರಿಸಿದರು. "ಮದುವೆಯಾಗಿ ಇಷ್ಟು ವರ್ಷ ಆಯ್ತು, ತನಗೊಂದು ಬ್ಯಾಗ್ ಹೊಲಿದುಕೊಡಿ ಅಂತ ಕೇಳಿದವಳಲ್ಲ. ಪಂಪಿಗೆ ಮಾತ್ರ ಒಂದನೇ ನಂಬರ್ ಚರ್ಮಾನೇ ಬೇಕಂತೆ," ಎಂದು ಗಂಡ ಮೂಗು ಮುರಿದರೂ ಬಿಲ್ಲೆಯ ಅಂಚನ್ನು ಕೆತ್ತಿ ಹದ ಮಾಡಿಕೊಟ್ಟವರು ಅವರೇ. ಮೂರು ದಿನ ಕಳೆದ ಮೇಲೆ ಕ್ಯಾನಕ್ಕನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಆ ಬೆಳಗ್ಗೆ ಮುಕ್ಕಾಲು ಲೀಟರ್ ಎಲ್ಲಿ ಹೋಯಿತು ಎಂದು ಹೇಳಬಲ್ಲ ಸಾಕ್ಷಿ ಇದ್ದರೆ ಅದು ಹಳೆಯ ಬಿಲ್ಲೆ. ಗಂಡ ಅದನ್ನು ಅಂಗಡಿಯ ಚೂರುಪಾರಿನ ಜೊತೆ ಗುಡಿಸಿ ಕಸದ ಗಾಡಿಗೆ ಹಾಕಿದ್ದರು.

"ಪೊಲೀಸಿನವರು ಕೊಲೆ ನಡೆದ ಕೋಣೇನ ಮೊದಲು ಸಾರಿಸಿ ಆಮೇಲೆ ಬೆರಳಚ್ಚು ಹುಡುಕಿದ ಹಾಗೆ ಆಯ್ತು ನನ್ನ ಕಥೆ," ಎಂದು ಈಗ ನಗುತ್ತಾರೆ. ಆಗ ಎರಡು ವಾರ ಹಿತ್ತಲಿನ ಕಡೆ ತಲೆ ಹಾಕಿರಲಿಲ್ಲವಂತೆ.

ಆದರೂ ಪಂಪನ್ನು ಜೋಡಿಸಿದರು. ಅರ್ಧ ಬಿಚ್ಚಿಟ್ಟ ಯಂತ್ರವನ್ನು ನೋಡುತ್ತ ಊಟ ಮಾಡುವುದು ಅವರಿಂದಾಗದ ಮಾತು. ಕೆಳಗೆ ನೆಲದಡಿಯ ಟ್ಯಾಂಕಿನ ಬದಲು ಡ್ರಮ್ಮು ಇಟ್ಟರು. ಮನೆಯ ಹತ್ತಿರ ಪೆಟ್ರೋಲ್ ಬೇಡವೆಂದು ಸೀಮೆಎಣ್ಣೆ ತುಂಬಿ, ಬಂಕಿನಿಂದ ಕೇಳಿ ತಂದ ಅಳತೆ ಕ್ಯಾನಿಗೆ ಕೈಹಿಡಿ ತಿರುಗಿಸಿದರು. ಮುಳ್ಳು ಐದು, ಕ್ಯಾನು ಐದು. ಸಂಜೆ ನೋಡಿದರೂ ಐದು, ಮರುದಿನ ಬೆಳಗ್ಗೆ ನೋಡಿದರೂ ಐದು. ಒಂದು ತಿಂಗಳು ನೋಡಿದರು, ಒಂದು ದಿನವೂ ತಪ್ಪಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡಬೇಕಿತ್ತು. ಕ್ಯಾನಕ್ಕ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. ಪಂಪು ಇಷ್ಟು ಸರಿಯಿದ್ದರೆ ಹಳೆಯ ಮಾಲೀಕರ ಮಾತೇ ನಿಜವಾಗಬೇಕು. ಅಪ್ಪನ ಹೆಸರು ತೊಳೆಯಲು ಹೊರಟ ಮಗಳು ತನ್ನ ಕೈಯಾರೆ ಅಪ್ಪನ ಮೇಲೆ ಮೊಹರು ಒತ್ತಿದಂತಾಗಿತ್ತು.

"ಆಗ ಕೈಬಿಡಬೇಕಿತ್ತು," ಎನ್ನುತ್ತಾರೆ. "ಆದ್ರೆ ಪೆಟ್ರೋಲ್ ಪಂಪಿಗೆ ಪೆಟ್ರೋಲೇ ಹಾಕಿ ನೋಡದೆ ಮುಗೀತು ಅನ್ನೋಕೆ ನನ್ನ ಮನಸ್ಸು ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷ ಅದರ ವಾಸನೇಲೇ ಬದುಕಿದೀನಿ. ಸೀಮೆಎಣ್ಣೆ ಜಿಡ್ಡು, ಪೆಟ್ರೋಲ್ ಹಾರಿಹೋಗೋ ಜಾತಿ. ಎರಡರ ಗುಣ ಒಂದೇ ಅಲ್ಲ."

ಡ್ರಮ್ಮನ್ನು ಒಣಗಿಸಿ, ಪಂಪನ್ನು ಆಳುಗಳಿಂದ ಮಾಡಿನ ಹೊರಗೆ ಬಯಲಿಗೆ ಹೊರಿಸಿ, ಎರಡು ಬಕೆಟ್ ಮರಳು ಪಕ್ಕದಲ್ಲಿಟ್ಟು, ಗಂಡನಿಗೆ ಬೀಡಿ ಮುಟ್ಟಬೇಡಿ ಎಂದು ಆಣೆ ಹಾಕಿಸಿ, ಹದಿನೈದು ಲೀಟರ್ ಪೆಟ್ರೋಲ್ ತುಂಬಿದರು. ಸಂಜೆ ತಿರುಗಿಸಿದಾಗ ಐದಕ್ಕೆ ಐದು. ಮರುದಿನ ವಾರದ ರಜೆ. ಬೆಳಗಾಗುತ್ತಲೇ ತಿರುಗಿಸಿದರು. ಮುಳ್ಳು ಐದಕ್ಕೆ ಹೋಯಿತು. ಕ್ಯಾನಿನ ಕತ್ತಿನಲ್ಲಿ ಪೆಟ್ರೋಲ್ ಕಾಣಲೇ ಇಲ್ಲ. ಕ್ಯಾನಿನಲ್ಲಿದ್ದದ್ದನ್ನು ಅಳೆದರೆ ನಾಲ್ಕೂಕಾಲಿಗೆ ಒಂದು ಗುಟುಕು ಹೆಚ್ಚು. ಎರಡನೆಯ ಸಲ ತಿರುಗಿಸಿದರೆ ಐದು, ಮೂರನೆಯದೂ ಐದು, ಆಮೇಲೆ ಸಂಜೆಯ ತನಕ ಐದು. ತನ್ನ ಜೋಡಣೆಯಲ್ಲೇ ತಪ್ಪಿರಬೇಕೆಂದು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ಮರುದಿನ ಬೆಳಗ್ಗೆ ಮೊದಲ ಸುತ್ತಿಗೆ ಮತ್ತೆ ಅದೇ ಕತೆ. ಮತ್ತೊಮ್ಮೆ ಬಿಚ್ಚಲು ಸ್ಪ್ಯಾನರ್ ಹಿಡಿದಾಗ ಹಿತ್ತಲ ಬಾಗಿಲಲ್ಲಿ ಅಪ್ಪ ಬಂದು ನಿಂತಿದ್ದರು.

"ಬಿಚ್ಚಬೇಡ ಮಗಳೇ. ಮೊದಲನೇದು ವಾಪಸ್ ಹಾಕ್ಬೇಕು," ಎಂದರು.

ಕ್ಯಾನಕ್ಕ ತಿರುಗಿ ನೋಡಿದರು. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಹೇಳಿದರು: "ರಾತ್ರಿ ಪೆಟ್ರೋಲ್ ಕೆಳಗೆ ಇಳಿದುಹೋಗುತ್ತೆ. ಚರ್ಮ ಒಣಗಿ ಕುಗ್ಗುತ್ತೆ. ಬೆಳಗ್ಗೆ ಮೊದಲನೇ ಸುತ್ತಲ್ಲಿ ಸಂದೀಲಿ ಸೋರುತ್ತೆ. ನೆನೆದ ಮೇಲೆ ಉಬ್ಬಿ ಸರಿಹೋಗುತ್ತೆ. ಅದಕ್ಕೇ ನಾನು ದಿನಾ ಬೆಳಗ್ಗೆ ಬಂಕ್ ತೆರೆಯೋ ಮುಂಚೆ ಮೊದಲನೇ ಐದು ಲೀಟರ್ ತೆಗೆದು ಟ್ಯಾಂಕಿಗೇ ಸುರೀತಿದ್ದೆ. ಒಂಬತ್ತು ವರ್ಷ ಸುರಿದೆ. ಒಂದು ದಿನ ತಪ್ಪಿದೆ."

ಆ ದಿನ ಬರುವುದು ತಡವಾಗಿತ್ತು. ಬಂಕಿನ ಮುಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಒತ್ತುತ್ತಿದ್ದವು. ಓಡಿಬಂದ ಅಪ್ಪ ಗಡಿಬಿಡಿಯಲ್ಲಿ ಬೀಗ ತೆಗೆದವರೇ ಸಾಲಿನ ಮೊದಲಲ್ಲಿದ್ದ ಟ್ಯಾಕ್ಸಿಯವನ ಡಬ್ಬಿಗೆ ಕೈಹಿಡಿ ತಿರುಗಿಸಿಬಿಟ್ಟರು. ಕೂಗಾಟ ಶುರುವಾದಾಗಲೇ ಅವರಿಗೆ ನೆನಪಾದದ್ದು. ಅದಕ್ಕೇ ತಪ್ಪು ನನ್ನದೇ ಎಂದರು. ಅದು ಕೆಲಸಗಾರನ ಮಾತು, ಕೇಳಿದವರು ಕಳ್ಳನ ಮಾತೆಂದುಕೊಂಡರು. ಮುಕ್ಕಾಲು ಲೀಟರನ್ನು ಬಾಟಲಿಯಲ್ಲಿ ತುಂಬಿಕೊಂಡು ಮೂರು ವಾರ ಟ್ಯಾಕ್ಸಿ ಸ್ಟ್ಯಾಂಡಿಗೆ ಅಲೆದರಂತೆ. ಆ ಟ್ಯಾಕ್ಸಿಯವ ಬೇರೆ ಊರು ಸೇರಿದ್ದ. "ಅವನಿಗೆ ಕಡಿಮೆ ಬಿದ್ದಿದ್ದು ನಿಜ. ಅವನು ಕೂಗಿದ್ದು ಸರಿ. ಬಾಟ್ಲೀನ ಟ್ಯಾಂಕಿಗೇ ಸುರಿದೆ," ಎಂದು ಅಪ್ಪ ಮಾತು ಮುಗಿಸಿದರು.

ಮಗಳು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಅಪ್ಪ ಜನ್ಮದಲ್ಲಿ ತಡವಾಗಿ ಕೆಲಸಕ್ಕೆ ಹೋದವರಲ್ಲ, ಅವತ್ತೇಕೆ ಹೋದರು? ಎರಡು ದಿನ ಬೆನ್ನು ಬಿಡದೆ ಕೇಳಿದ ಮೇಲೆ ಅಪ್ಪ, "ಶಾಲೆ ಶುರುವಾದ ದಿನ ಕಣೇ," ಎಂದರು.

ಆ ದಿನ ಕ್ಯಾನಕ್ಕನಿಗೆ ಚೆನ್ನಾಗಿ ನೆನಪಿದೆ. ಆರು ವರ್ಷದ ಹುಡುಗಿ, ಶಾಲೆಯ ಗೇಟಿನಲ್ಲಿ ಅಪ್ಪನ ಅಂಗಿಯ ಚುಂಗನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೊಲ್ಲೆ ಎಂದು ನಿಂತಿದ್ದಳು. ಬೇರೆ ಅಪ್ಪಂದಿರು ಕೈ ಬಿಡಿಸಿಕೊಂಡು ಬೆನ್ನು ತಿರುಗಿಸಿ ಹೋದರು. ಇವಳ ಅಪ್ಪ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು, ಅಳು ನಿಂತು ಅವಳೇ ಒಳಗೆ ಹೋಗುವ ತನಕ ಕೂತರು. "ನನ್ನ ಬಾಲ್ಯದಲ್ಲಿ ಅತಿ ಸಂತೋಷದ ದಿನ ಯಾವುದು ಅಂತ ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತಿದ್ದೆ," ಎನ್ನುವಾಗ ಅವರ ಕಣ್ಣು ತುಂಬುತ್ತದೆ. ಅದನ್ನು ಅವರು ಮುಚ್ಚಿಡುವುದೂ ಇಲ್ಲ. "ಮುಕ್ಕಾಲು ಅನ್ನೋ ಹೆಸರು ಬಂದಿದ್ದೂ ಅದೇ ದಿನ ಅಂತ ನನಗೆ ಯಾರೂ ಹೇಳಿರಲಿಲ್ಲ."

ಹೋದ ತಿಂಗಳಿಂದ ಕೆನೆ ಬಣ್ಣದ ಪಂಪು ಬಂಕಿನ ಮುಂದೆ, ಟೈರಿಗೆ ಗಾಳಿ ತುಂಬುವ ಜಾಗದ ಪಕ್ಕ ನಿಂತಿದೆ. ಮಾರಾಟಕ್ಕಲ್ಲ, ನೋಟಕ್ಕೆ. ಅದರ ಡ್ರಮ್ಮಿನಲ್ಲಿ ಹದಿನೈದು ಲೀಟರ್ ಪೆಟ್ರೋಲ್ ಮಾತ್ರ ಇದೆ. ವಿಷಯವೆಲ್ಲ ಕೇಳಿದ ಮಾಲೀಕರು ಎರಡು ಬೆಳಗ್ಗೆ ತಾವೇ ಬಂದು ಅಳತೆ ನೋಡಿದರು. ಮೂರನೆಯ ದಿನ ಕ್ಯಾನಕ್ಕನ ಮನೆಗೆ ಬಂದು ಅಪ್ಪನ ಕುರ್ಚಿಯ ಮುಂದೆ ನಿಂತು, "ನಮ್ಮ ತಂದೆ ಮಧ್ಯಾಹ್ನ ಅಳೆದ್ರು, ಬೆಳಗ್ಗೆ ಅಳೀಲಿಲ್ಲ. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ," ಎಂದರು. ಪಂಪಿನ ಪಕ್ಕದ ಫಲಕದಲ್ಲಿ ಅಪ್ಪನ ಹೆಸರು ಬರೆಸುತ್ತೇನೆ ಎಂದೂ ಹೇಳಿದರು. ಅಪ್ಪ ಒಪ್ಪಲಿಲ್ಲ. ಫಲಕದಲ್ಲಿ ಏನಿರಬೇಕೆಂದು ಅವರೇ ಹೇಳಿ ಬರೆಸಿದರು. ಈಗ ಬಂಕಿಗೆ ಬರುವ ಯಾರು ಬೇಕಾದರೂ ಅದನ್ನು ಓದಬಹುದು: 'ಬೆಳಗಿನ ಮೊದಲ ಅಳತೆ ಗಿರಾಕಿಗಲ್ಲ.'

ಮುದುಕರು ಕೆಲವರು ಅದನ್ನು ಎರಡೆರಡು ಸಲ ಓದುತ್ತಾರೆ. ಮುಕ್ಕಾಲು ಎಂಬ ಹೆಸರು ಬೀದಿಯಲ್ಲಿ ಪೂರ್ತಿ ಅಳಿದಿದೆಯೇ ಎಂದರೆ, ಇಲ್ಲ. ನಲವತ್ತು ವರ್ಷ ಬಾಯಲ್ಲಿ ಕೂತದ್ದು ಒಂದು ತಿಂಗಳಲ್ಲಿ ಎದ್ದು ಹೋಗುವುದಿಲ್ಲ. ಕ್ಯಾನಕ್ಕನಿಗೂ ಈಗ ಅದರ ಗೊಡವೆಯಿಲ್ಲ. ಮುಂದೇನು ಆಸೆ ಎಂದು ಕೇಳಿದರೆ, "ನಾನು ಇಲ್ಲಿರೋವರೆಗೆ ಈ ಪಂಪಿಂದೂ ಬೆಳಗ್ಗೆ ಮೊದಲನೇದು ವಾಪಸ್ ಹೋಗ್ಬೇಕು. ನಾನು ಬಿಟ್ಟ ಮೇಲೆ ಬರೋರಿಗೂ ಹೇಳಿಕೊಡ್ಬೇಕು. ಅಷ್ಟೇ," ಎನ್ನುತ್ತಾರೆ.

ನಾಲ್ಕು ನಳಿಕೆಗಳ ಪರೀಕ್ಷೆ ಮುಗಿದಿದೆ. ಬೈಕಿನವನ ಟ್ಯಾಂಕು ತುಂಬಿದೆ. ಆದರೂ ಅವನು ಹೋಗಿಲ್ಲ, ಪಂಪಿನ ಪಕ್ಕದ ಫಲಕ ಓದುತ್ತ ನಿಂತಿದ್ದಾನೆ. ಅಷ್ಟರಲ್ಲಿ ಅಪ್ಪ ಅಳಿಯನ ಕೈಹಿಡಿದು ಬಂದು ಹಳೆಯ ಪಂಪಿನ ಮುಂದೆ ನಿಲ್ಲುತ್ತಾರೆ. ಕ್ಯಾನಕ್ಕ ಕೈಹಿಡಿ ತಿರುಗಿಸಿ ಮೊದಲ ಅಳತೆಯನ್ನು ತೆಗೆಯುತ್ತಾರೆ, ಅಪ್ಪ ತಾವೇ ಕ್ಯಾನನ್ನು ಬಗ್ಗಿಸಿ ಅದನ್ನು ಡ್ರಮ್ಮಿಗೆ ಸುರಿಯುತ್ತಾರೆ. ಎರಡನೆಯ ಸುತ್ತು. ಮುಳ್ಳು ಐದಕ್ಕೆ ಹೋಗಿ ನಿಲ್ಲುತ್ತದೆ. ಅಪ್ಪನಿಗೆ ಮುಳ್ಳು ಕಾಣದು, ಗಾಜಿನ ಸೀಳಿನ ಗೆರೆಯೂ ಕಾಣದು. ಅವರು ತೋರುಬೆರಳನ್ನು ಕ್ಯಾನಿನ ಕತ್ತಿನೊಳಗೆ ನೇರ ಇಳಿಸಿ, ಹೊರತೆಗೆದು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಾರೆ.

"ಅಪ್ಪಾ, ಮಗಳಿಂದ ತಡ ಆಯ್ತು ಅಂತ ಅವತ್ತೇ ಮಾಲೀಕರಿಗೆ ಹೇಳಿದ್ರೆ ಮುಗೀತಿತ್ತಲ್ಲ?" ಎಂದು ಮಗಳು ಕೇಳುತ್ತಾರೆ. ಈ ಪ್ರಶ್ನೆ ಈ ತಿಂಗಳಲ್ಲಿ ಎಷ್ಟನೆಯ ಸಲವೋ!

"ಅಳತೆ ತಪ್ಪಿದ್ದಕ್ಕೆ ಬೇಜಾರಿದೆ, ಈಗ್ಲೂ ಇದೆ," ಎನ್ನುತ್ತಾರೆ ಅಪ್ಪ, ಬೆರಳನ್ನು ಅಂಗಿಯ ಚುಂಗಿಗೆ ಒರೆಸಿಕೊಳ್ಳುತ್ತ. "ಗೇಟಲ್ಲಿ ಕೂತಿದ್ದಕ್ಕೆ ಇಲ್ಲ. ಐದು ಸರಿಯಾಗಿದೆ ನೋಡು, ಬರ್ಕೋ."